ಪುದಿಯಾಪ್ಲೆ ಕೋಣೆಯ ಗೋಡೆ

ನಮ್ಮ ಮನೆಯಲ್ಲಿ ಒಂದೇ ಒಂದು ಕೋಣೆಗೆ ಊದಿನ ಪರಿಮಳವಿತ್ತು. ಉಳಿದ ಕೋಣೆಗಳಿಗೆಲ್ಲ ಬಂಗುಡೆ ಸಾರಿನದ್ದು. ಊದಿನ ಕೋಣೆಯೆಂದರೆ ಪುದಿಯಾಪ್ಲೆಯ ಕೋಣೆ. ನಮ್ಮ ಬ್ಯಾರಿ ಮಾತಿನಲ್ಲಿ ಪುದಿಯಾಪ್ಲೆ ಎಂದರೆ ಮದುಮಗ. ಮದುವೆಯಾಗಿ ತಲೆ ನರೆತರೂ ಅತ್ತೆಯ ಮನೆಯಲ್ಲಿ ಅಳಿಯ ಮದುಮಗನೇ. ಹೆಣ್ಣುಮಗಳು ಮದುವೆಯ ನಂತರವೂ ತಾಯಿಯ ಮನೆಯಲ್ಲಿಯೇ ಉಳಿಯುವುದು ನಮ್ಮ ಕಡೆ ಹಿಂದಿನಿಂದ ಬಂದದ್ದು. ಗಂಡ ಬಂದು ಹೋಗುತ್ತಾನೆ. ಅವನಿಗೆಂದು ಮನೆಯ ಅತ್ಯುತ್ತಮ ಕೋಣೆಯನ್ನು ತೆಗೆದಿಡಬೇಕು, ಇನ್ನೊಬ್ಬರು ಅದರಲ್ಲಿ ಕಾಲು ಚಾಚುವಂತಿಲ್ಲ.

ಬಂಟ್ವಾಳದಿಂದ ಫರಂಗಿಪೇಟೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ನಮ್ಮ ಮನೆ. ಅಕ್ಕನ ಮದುವೆ ನಿಶ್ಚಯವಾದಾಗ ಬಾಪ, ಎಂದರೆ ನಮ್ಮ ಅಪ್ಪ, ಮನೆಯ ಪಕ್ಕಕ್ಕೆ ಆ ಕೋಣೆಯನ್ನು ಸೇರಿಸಿ ಕಟ್ಟಿಸಿದರು. ಒಳಗೇ ಬಾತ್‌ರೂಮು, ನೆಲಕ್ಕೆ ಹೊಳೆಯುವ ಟೈಲ್ಸು, ಪೈಪುಗಳೆಲ್ಲ ಗೋಡೆಯೊಳಗೆ, ಹೊರಗೆ ಒಂದೂ ಕಾಣಬಾರದು. ಬಾತ್‌ರೂಮಿನ ಗೋಡೆಗೆ ತಲೆ ಮಾಡಿ ಒಂದು ದೊಡ್ಡ ಸಾಗುವಾನಿ ಮಂಚ ಹಾಕಿಸಿದರು. ಅದರ ತಲೆಹಲಗೆ ನನ್ನ ಎದೆಯ ಎತ್ತರಕ್ಕಿತ್ತು. ಅದನ್ನು ಒಳಗೆ ಸೇರಿಸಲು ಬಾಗಿಲಿನ ದಾರಂದವನ್ನೇ ಕಿತ್ತಿದ್ದರು. ಅಕ್ಕನ ಮದುವೆಯಾಗಿ ಹೆಚ್ಚು ಕಾಲ ಬಾಪ ಬದುಕಲಿಲ್ಲ. ಅಲ್ಲಿಂದ ಮುಂದೆ ಕೋಣೆಯ ಕೀಲಿಕೈ ಉಮ್ಮನ ಸೊಂಟದಲ್ಲಿ.

ಬಾವ ಮೂಡುಬಿದಿರೆ ಕಡೆಯವರು. ಕೆಲಸ ಗಲ್ಫಿನಲ್ಲಿ. ರಜೆಯಲ್ಲಿ ಬಂದಾಗ ಮಾತ್ರ ಕೋಣೆ ತೆರೆಯುತ್ತಿತ್ತು. ಅವರಿಲ್ಲದ ಕಾಲದಲ್ಲಿ ಅಕ್ಕ ನನ್ನ ಮತ್ತು ಉಮ್ಮನ ಜೊತೆಗೇ ಒಳಕೋಣೆಯಲ್ಲಿ ಚಾಪೆ ಹಾಸುತ್ತಿದ್ದಳು. ಅಷ್ಟು ದೊಡ್ಡ ಮಂಚದಲ್ಲಿ ಒಬ್ಬಳೇ ಮಲಗಿದರೆ ತಾನು ಎಲ್ಲೋ ಕಳೆದುಹೋದ ಹಾಗೆ ಆಗುತ್ತದೆ ಎನ್ನುತ್ತಿದ್ದಳು.

ಬಾವ ಬರುವ ವಾರವೆಂದರೆ ಉಮ್ಮನಿಗೆ ಹಬ್ಬ, ನನಗೆ ಜೈಲು. ಕರ್ಟನ್ ಒಗೆ, ಕಿಟಕಿ ಒರೆಸು, ಹೊಸ ಚಾದರ ಹಾಸು. ಒರೆಸಿದ ಕಿಟಕಿಯನ್ನು ತಕ್ಷಣ ಮುಚ್ಚು, ಹೆದ್ದಾರಿಯ ಧೂಳು ಬಂದೀತು. ಕೊನೆಗೆ ಊದ್. ಅದೊಂದು ಸುಗಂಧದ ಮರದ ಚೂರು. ಬಾವನೇ ಕಳಿಸಿದ್ದ ಕರೆಂಟಿನ ಪುಟ್ಟ ಒಲೆಯ ಮೇಲೆ ಇಟ್ಟರೆ ಹೊಗೆಯಾಡುತ್ತದೆ. ಉಮ್ಮ ಅದನ್ನು ಹಿಡಿದು ಕೋಣೆಯ ನಾಲ್ಕು ಮೂಲೆಗೂ ಹೋಗುತ್ತಿದ್ದಳು. ಹೊಗೆ ಹೊರಗೆ ಹೋಗದ ಹಾಗೆ ಬಾಗಿಲು ಎಳೆದುಕೊಳ್ಳುತ್ತಿದ್ದಳು.

ಮೊದಲ ರಜೆಗಳಲ್ಲಿ ಬಾವ ವಾರಗಟ್ಟಲೆ ನಮ್ಮಲ್ಲಿದ್ದರು. ಬರಬರುತ್ತ ಕಡಿಮೆಯಾಯಿತು. ಬಂದ ಸ್ವಲ್ಪ ದಿನಕ್ಕೇ ಕಣ್ಣು ಕೆಂಪು ಮಾಡಿಕೊಂಡು, ಮುಖ ಬಾಡಿಸಿಕೊಂಡು, "ಮನೆಯಲ್ಲಿ ಸ್ವಲ್ಪ ಕೆಲಸ ಉಂಟು" ಎಂದು ಅಕ್ಕನನ್ನೂ ಕರೆದುಕೊಂಡು ಮೂಡುಬಿದಿರೆಗೆ ಹೊರಟುಬಿಡುತ್ತಿದ್ದರು. ಎಂಥ ಕೆಲಸವೋ, ಪ್ರತಿ ಸಲವೂ ಅದೇ ಕೆಲಸ.

ಆಚೆ ಮನೆಯಲ್ಲಿ ತುಳು ಮಾತಾಡುವ ಒಬ್ಬ ಹೆಂಗಸು ಇದ್ದಾರೆ. ಒಳ್ಳೆಯವರು, ಆದರೆ ಕಣ್ಣು ಸದಾ ನಮ್ಮ ಗೇಟಿನ ಮೇಲೆ. ಬಾವನ ಕಾರು ದಾಟಿದ್ದೇ ತಡ, ಕಂಪೌಂಡಿನ ಮೇಲಿಂದ ಕೇಳುತ್ತಿದ್ದರು: "ಮರ್ಮಯೆ ಪೋಯೆರಾ?" ಅಳಿಯ ಹೋದರಾ ಎಂದು. ಉಮ್ಮ ಅಡುಗೆಮನೆಯ ಕಿಟಕಿಯಿಂದ ತನ್ನ ಅರೆಬರೆ ತುಳುವಿನಲ್ಲಿ "ಪೋಯೆರ್" ಎನ್ನುತ್ತಿದ್ದಳು. ಹೋದರು. ಆ ಒಂದು ಮಾತು ಹೇಳುವಾಗ ಅವಳ ಸ್ವರ ನೆಲಕ್ಕೆ ಇಳಿಯುತ್ತಿತ್ತು. ಅಳಿಯ ಎಷ್ಟು ದಿನ ನಿಂತ ಎನ್ನುವುದರಲ್ಲಿ ಅತ್ತೆಯ ಮರ್ಯಾದೆ ಇತ್ತು. ಗಂಡ ಸತ್ತ ಹೆಂಗಸಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಇರಲಿಲ್ಲ.

ವಾಸನೆಯ ಮಾತು ಮೊದಲು ತೆಗೆದವಳು ನಾನೇ. ನನ್ನ ಬಾಯಿ ಸುಮ್ಮನಿರುವುದಲ್ಲ. ಒಂದು ಏಪ್ರಿಲ್‌ನಲ್ಲಿ ಗುಡಿಸಲು ಬಾಗಿಲು ತೆರೆದೆ. ಹೊರಗೆ ಎಂಥ ಬಿಸಿಲು! ತಂತಿಯ ಮೇಲಿನ ಬಟ್ಟೆ ಹಪ್ಪಳದ ಹಾಗೆ ಗರಿಗರಿ. ಒಳಗೆ ಮಾತ್ರ ನೆನೆದ ಗೋಣಿಚೀಲದ ವಾಸನೆ.

"ಉಮ್ಮಾ, ಇಲ್ಲಿ ಮುಗ್ಗಲು ವಾಸನೆ ಬರ್ತದೆ ಅಲ್ವಾ?"

"ಬಾಯಿ ಮುಚ್ಚು! ಪುದಿಯಾಪ್ಲೆ ಕೋಣೆಗೆ ವಾಸನೆ ಅಂತ ಯಾರಾದ್ರೂ ಹೇಳ್ತಾರಾ? ಆಚೆ ಮನೆಗೆ ಕೇಳಿದ್ರೆ ನಾಳೆ ಮಾಣಿ ಊರಿನವರೆಗೂ ಮುಟ್ತದೆ."

"ಇದ್ದದ್ದು ಹೇಳಿದೆ."

"ಮುಚ್ಚಿಟ್ಟ ಕೋಣೆ, ವಾಸನೆ ಬರ್ತದೆ. ನಿನ್ನ ಮೂಗು ದೊಡ್ಡದು. ಗುಡಿಸಿ ಬಾ."

ಮಳೆಗಾಲದ ಮುಗ್ಗಲು ನಮಗೆ ಹೊಸತಲ್ಲ. ನಮ್ಮೂರಿನಲ್ಲಿ ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಆದರೆ ಮಳೆಯ ವಾಸನೆ ಬಿಸಿಲು ಬಂದರೆ ಹೋಗಬೇಕು. ಬಿಸಿಲಿಗೂ ಹೋಗದ ವಾಸನೆ ಆಕಾಶದಿಂದ ಬಂದದ್ದಲ್ಲ, ಮನೆಯೊಳಗೇ ಎಲ್ಲೋ ನೀರು ಕೂತಿದೆ ಎಂದು ಅರ್ಥ. ಇಷ್ಟು ಸಣ್ಣ ವಿಷಯ ಯಾರ ತಲೆಗೂ ಹೋಗಲಿಲ್ಲ. ಮಾಳಿಗೆಯ ಟ್ಯಾಂಕು ಮೊದಲಿಗಿಂತ ಬೇಗ ಖಾಲಿಯಾಗುತ್ತಿತ್ತು. "ಈ ಮನೆಯಲ್ಲಿ ಮೂರು ಹೆಂಗಸರು ಇರುವುದೋ, ಮೂರು ಎಮ್ಮೆ ಇರುವುದೋ?" ಎಂದು ಪಂಪಿನ ಸ್ವಿಚ್ಚು ಹಾಕುವಾಗಲೆಲ್ಲ ಉಮ್ಮ ನಮ್ಮಿಬ್ಬರನ್ನು ಬೈಯುತ್ತಿದ್ದಳು. ಮೂಗು ಒಂದು ಹೇಳಿತು, ಟ್ಯಾಂಕು ಇನ್ನೊಂದು ಹೇಳಿತು. ಎರಡನ್ನೂ ಸೇರಿಸಿ ಕೇಳುವವರು ಇರಲಿಲ್ಲ.

ನಾನು ವಾಸನೆ ಅಂದದ್ದು ಉಮ್ಮನಿಗೆ ತಟ್ಟಲಿಲ್ಲ ಎಂದಲ್ಲ, ತಟ್ಟಿತು. ಆದರೆ ಅದಕ್ಕೆ ಅವಳು ಕಂಡುಕೊಂಡ ಮದ್ದೇ ಬೇರೆ. ಕಪಾಟಿನಲ್ಲಿ ನುಸಿಗುಳಿಗೆ ಸುರಿದಳು. ದಿಂಬಿಗೆ ಅತ್ತರು ಹಚ್ಚಿದಳು. ಆಮೇಲೆ ಎ.ಸಿ. ಬಂತು. ಅದರ ತಂಪು ಸೋರಬಾರದೆಂದು ಕಿಟಕಿಯ ಸಂದುಗಳಿಗೆಲ್ಲ ಟೇಪು ಅಂಟಿತು. ಊದ್ ಮೊದಲು ಒಂದು ಚೂರು ಇಡುತ್ತಿದ್ದವಳು ಮುಷ್ಟಿ ತುಂಬ ಇಟ್ಟಳು. ಬಾವ ಮೊದಲಿಗಿಂತ ಬೇಗ ಹೊರಟರು.

ನಾನು ಆಗ ಮೂಡುಬಿದಿರೆಯ ಶಾಲೆಯೊಂದರಲ್ಲಿ ಟೀಚರ್. ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ ದಿನಾ ಹೋಗಿ ಬರುತ್ತಿದ್ದೆ. ಬಾವ ರಜೆಯಲ್ಲಿದ್ದಾಗ ಒಂದು ಸಂಜೆ ಅಕ್ಕನನ್ನು ನೋಡಲೆಂದು ಅವರ ಮನೆಗೆ ಹೋದೆ. ಹಂಚಿನ ಸಣ್ಣ ಮನೆ. ಜಗಲಿಯಲ್ಲಿ ಚಾಪೆ, ಸುತ್ತ ಗಾಳಿ. ನಮ್ಮ ಮನೆಯಲ್ಲಿ ಮಾತಿಗೆ ಬರಗಾಲ ಬಂದವರ ಹಾಗೆ ಇರುತ್ತಿದ್ದ ಮನುಷ್ಯ ಅಲ್ಲಿ ಬನಿಯನ್ನು ಹಾಕಿಕೊಂಡು ಜಗಲಿ ನಡುಗುವ ಹಾಗೆ ನಗುತ್ತಿದ್ದರು. ನನ್ನನ್ನು ಕಂಡು, "ಬಾ ಬಾ, ಟೀಚರ್ ಬಂದ್ರು, ಎಲ್ಲರೂ ಕೈಕಟ್ಟಿ ಕೂತ್ಕೊಳ್ಳಿ!" ಎಂದರು. ನನಗೆ ಹೊಟ್ಟೆ ಉರಿಯಿತು. ಸಾಗುವಾನಿ ಮಂಚ ಬೇಡ, ಚಾಪೆ ಬೇಕು. ನಮ್ಮ ಉಮ್ಮ ಬೇಡ. ಚಹಾ ಮುಗಿಸಿ ಎದ್ದು ಬಂದೆ. ಉಮ್ಮನಿಗೆ ಮಾತ್ರ ಏನೂ ಹೇಳಲಿಲ್ಲ.

ಹೇಳುವವರು ಬೇರೆ ಇದ್ದರು. ಬೆಳ್ತಂಗಡಿಯಲ್ಲಿ ನಮ್ಮವರ ಒಂದು ಮದುವೆ. ಊಟಕ್ಕೆ ಕೂತಲ್ಲಿ ದೂರದ ಸಂಬಂಧಿಯೊಬ್ಬಳು ಉಮ್ಮನ ಕಡೆ ತಿರುಗಿ ಗಲ್ಲಕ್ಕೆ ಕೈಯಿಟ್ಟು, "ನಿನ್ನ ಪುದಿಯಾಪ್ಲೆಗೆ ನಿನ್ನ ಮನೆ ಹಿಡಿಸಲಿಲ್ಲ ಅಂತ ಕಾಣ್ತದೆ ಅಲ್ಲ ಮಾರಾಯ್ತಿ?" ಎಂದಳು. ಉಮ್ಮ ನಕ್ಕಳು. ತಟ್ಟೆಯ ಬಿರಿಯಾನಿ ಹಾಗೆಯೇ ಉಳಿಯಿತು. ವಾಪಸು ಬರುವಾಗ ಬಸ್ಸು ಪೂಂಜಾಲಕಟ್ಟೆ ದಾಟಿತ್ತು. ಉಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು: "ನಾನು ಅವರಿಗೆ ಏನು ಕಡಿಮೆ ಮಾಡಿದೆ? ನೀನು ಹೇಳು. ನೀನು ಮುಚ್ಚಿಡುವವಳಲ್ಲ."

"ಅವರಿಗೆ ಸೊಕ್ಕು ಉಮ್ಮ, ಬಿಡು" ಎಂದೆ.

"ಸೊಕ್ಕಿನವರಲ್ಲ. ನನ್ನಲ್ಲೇ ಏನೋ ಉಂಟು."

ಕೊನೆಯ ರಜೆಯಲ್ಲಿ ಬಾವ ನಮ್ಮಲ್ಲಿ ನಿಂತದ್ದು ಒಂದೇ ರಾತ್ರಿ. ಬೆಳಿಗ್ಗೆ ಉಮ್ಮ ಅಕ್ಕಿಯ ಕಡುಬಿನಂಥ ಪುಂಡಿ, ಕೋಳಿ ಸಾರು ಮಾಡಿದ್ದಳು. ಅವರು ಒಂದು ಪುಂಡಿ ತಿಂದು ಎದ್ದರು. ಉಳಿದದ್ದನ್ನು ಡಬ್ಬಿಗೆ ತುಂಬಿಸಿ ಉಮ್ಮ ಗೇಟಿನವರೆಗೆ ಹೋದಳು. "ದಾರಿಯಲ್ಲಿ ಹಸಿವಾದರೆ" ಎಂದಳು. ಬಂಟ್ವಾಳದಿಂದ ಮೂಡುಬಿದಿರೆಗೆ ಏನು ದಾರಿ, ಏನು ಹಸಿವು! ಬಾವ ಎರಡೂ ಕೈಯಿಂದ ಡಬ್ಬಿ ತೆಗೆದುಕೊಂಡು ತಲೆ ತಗ್ಗಿಸಿ ಕಾರು ಹತ್ತಿದರು.

ಮುಂದಿನ ರಜೆಗೆ ಉಮ್ಮ ಇರಲಿಲ್ಲ. ಎದೆನೋವು ಎಂದವಳು ಆಸ್ಪತ್ರೆ ಮುಟ್ಟಲಿಲ್ಲ. ಬಾವ ಗಲ್ಫಿನಿಂದ ಬಂದು ಇಳಿಯುವಷ್ಟರಲ್ಲಿ ದಫನ ಮುಗಿದಿತ್ತು. ಮೂಡುಬಿದಿರೆಗೂ ಹೋಗದೆ ನೇರ ನಮ್ಮಲ್ಲಿಗೆ ಬಂದರು. ಮನೆಯ ತುಂಬ ಹೆಂಗಸರು ಎಂದು ಜಗಲಿಯಲ್ಲೇ ಉಳಿದುಕೊಂಡರು. ಒಳಗೆ ಮಲಗಲು ಜಾಗವಿಲ್ಲದೆ ನಾನು ಮತ್ತು ಅಕ್ಕ ಪುದಿಯಾಪ್ಲೆ ಕೋಣೆಗೆ ಹೋದೆವು. ನಾನು ಆ ಮಂಚದ ಮೇಲೆ ಮಲಗಿದ್ದು ಅದೇ ಮೊದಲು. ಸಾವಿನ ಮನೆಯಲ್ಲಿ ಊದ್ ಇಡುವವರು ಯಾರು? ಬೆಳಿಗ್ಗೆ ಎದ್ದಾಗ ನನಗೆ ಗಂಟಲು ಕಟ್ಟಿತ್ತು, ಕಣ್ಣಲ್ಲಿ ಉರಿ. ಅತ್ತದ್ದಕ್ಕೆ ಎಂದುಕೊಂಡೆ. ಆದರೆ ಮೂಗಿಗೆ ಬಡಿದದ್ದು ಅಳುವಲ್ಲ. ಅದೇ ಗೋಣಿಚೀಲ. ಮುಚ್ಚಲು ಊದ್ ಇಲ್ಲದೆ, ಅತ್ತರಿಲ್ಲದೆ, ಪೂರ್ತಿ ಎದ್ದು ನಿಂತಿತ್ತು. ದಿಂಬಿನ ಹತ್ತಿರ ಹೆಚ್ಚು, ಬಾಗಿಲ ಹತ್ತಿರ ಕಡಿಮೆ.

"ಏಳು, ಮಂಚ ಎಳೆಯುವ" ಎಂದೆ ಅಕ್ಕನಿಗೆ.

"ಈಗ ಯಾಕೆ? ಜನ ಇದ್ದಾರೆ."

"ಜನರನ್ನು ಅತ್ಲಾಗಿಡು. ಆ ಕಡೆ ಹಿಡಿ."

ಬಾಪ ಇರಿಸಿದ ಮೇಲೆ ಆ ಮಂಚ ಜಾಗ ಬಿಟ್ಟು ಕದಲಿರಲಿಲ್ಲ. ಇಬ್ಬರೂ ಸೇರಿ ಎಳೆದೆವು. ಯಾ ಅಲ್ಲಾಹ್! ತಲೆಹಲಗೆಯ ಹಿಂದಿನ ಗೋಡೆ ನೆಲದಿಂದ ಎದೆಯ ಎತ್ತರದವರೆಗೆ ಕಪ್ಪು. ಕಪ್ಪಿನ ಮೇಲೆ ಹಸಿರು, ಹಸಿರಿನ ಮೇಲೆ ಬಿಳಿ ರೋಮ. ಪೈಂಟು ಗುಳ್ಳೆಯೆದ್ದಿತ್ತು. ಬೆರಳಿಟ್ಟರೆ ಸಿಮೆಂಟು ಹಸಿ ಹಿಟ್ಟಿನ ಹಾಗೆ ಒಳಗೆ ಹೋಯಿತು. ಮಂಚದ ಹಲಗೆಯ ಹಿಂಬದಿಗೂ ಅದೇ ಬೂಷ್ಟು. ಗೋಡೆಯೊಳಗಿನ ಬಾತ್‌ರೂಮು ಪೈಪು ಯಾವ ಕಾಲದಿಂದ ತೊಟ್ಟಿಕ್ಕುತ್ತಿತ್ತೋ, ಟ್ಯಾಂಕಿನ ನೀರನ್ನೆಲ್ಲ ಈ ಗೋಡೆ ಕುಡಿದಿತ್ತು. ಬಾವನ ದಿಂಬಿಗೂ ಅದಕ್ಕೂ ನಡುವೆ ಒಂದು ಹಲಗೆ ಅಷ್ಟೆ.

ಅಕ್ಕ ನೆಲದಲ್ಲಿ ಕುಳಿತುಬಿಟ್ಟಳು. ಅವಳು ಅತ್ತ ರೀತಿ ನೋಡಿಯೇ ಅವಳಿಗೆ ಏನೋ ಗೊತ್ತಿತ್ತು ಎಂದು ತಿಳಿಯಿತು. ನಾನು ಜಗಲಿಗೆ ಹೋಗಿ ಬಾವನ ಎದುರು ನಿಂತೆ.

"ಬಾವ, ನೀವು ನಮ್ಮ ಮನೆಯಲ್ಲಿ ಯಾಕೆ ನಿಲ್ತಾ ಇರ್ಲಿಲ್ಲ? ಇವತ್ತು ಹೇಳಿ."

ಅವರು ಚಪ್ಪಲಿಯನ್ನೇ ನೋಡುತ್ತ ಹೇಳಿದರು: "ಆ ಕೋಣೆಯಲ್ಲಿ ನನಗೆ ಉಸಿರು ಕಟ್ತದೆ. ಮಲಗಿದರೆ ಎದೆ ಸುಯ್ ಅಂತದೆ. ಇನ್ಹೇಲರ್ ಇಟ್ಕೊಂಡು ಬರ್ತಿದ್ದೆ. ಊದಿನ ಹೊಗೆ ನನಗೆ ಆಗುವುದಿಲ್ಲವೋ ಏನೋ ಅಂತ ಎಣಿಸಿದೆ."

"ಹೇಳಬಾರದಿತ್ತಾ?"

"ಹೇಗೆ ಹೇಳುವುದು? ಮಾಮಿ ಎಷ್ಟು ಆಸೆಯಿಂದ ಹಾಕ್ತಿದ್ರು. ಬೇಡ ಅಂದ್ರೆ ಅವರಿಗೆ ಬೇಸರ ಆಗ್ತದೆ. ನೀನೂ ಹೇಳಬೇಡ ಅಂತ ನಿನ್ನ ಅಕ್ಕನಿಗೆ ಅಂದಿದ್ದೆ."

ಬೇಸರ ಆಗುತ್ತದೆ! ನನಗೆ ಕಿರುಚಬೇಕೆನಿಸಿತು. ಒಬ್ಬಳು ಮನೆಯ ಮಾನಕ್ಕೆಂದು ಹೊಗೆ ಹಾಕಿದಳು, ಇನ್ನೊಬ್ಬರು ಅವಳ ಮನಸ್ಸಿಗೆಂದು ಹೊಗೆ ಕುಡಿದರು. ಅಕ್ಕ ಇಬ್ಬರ ನಡುವೆ ಬಾಯಿ ಹೊಲಿದುಕೊಂಡು ಕೂತಳು. ಎಲ್ಲರೂ ಒಳ್ಳೆಯವರೇ. ಒಬ್ಬರಾದರೂ ಸ್ವಲ್ಪ ಕೆಟ್ಟವರಾಗಿ, "ನಿಮ್ಮ ಕೋಣೆ ನಾರ್ತದೆ, ಕಿಟಕಿ ತೆರೆಯಿರಿ" ಎಂದಿದ್ದರೆ, ಉಮ್ಮ ಒಂದು ದಿನ ಮುಖ ಊದಿಸಿಕೊಂಡು ಮರುದಿನ ಪೈಪಿನವನನ್ನು ಕರೆಸುತ್ತಿದ್ದಳು. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ "ನನ್ನಲ್ಲೇ ಏನೋ ಉಂಟು" ಎನ್ನುತ್ತಿರಲಿಲ್ಲ.

"ಬಾವ, ಅವಳು ತಾನು ನಿಮಗೆ ಬೇಡ ಅಂದ್ಕೊಂಡು ಹೋದಳು" ಎಂದೆ. ಹೇಳಬಾರದಿತ್ತೇನೋ. ಹೇಳಿಯಾಗಿತ್ತು. ಅವರು ಮುಖಕ್ಕೆ ತೋಳು ಅಡ್ಡ ಹಿಡಿದುಕೊಂಡರು. ಅಷ್ಟು ದೊಡ್ಡ ಗಂಡಸು ಅಳುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಗೋಡೆ ಒಡೆಸಿದೆವು. ಹೊಸ ಪೈಪನ್ನು ಗೋಡೆಯ ಹೊರಗಿನಿಂದಲೇ ಹಾಕಿಸಿದೆವು. ಚಂದ ಇಲ್ಲ, ಆದರೆ ಸೋರಿದರೆ ಕಾಣುತ್ತದೆ. ಒಂದು ಬೇಸಿಗೆ ಪೂರ್ತಿ ಕೋಣೆಯ ಕಿಟಕಿಗಳನ್ನು ತೆರೆದೇ ಬಿಟ್ಟೆವು. ಹೆದ್ದಾರಿಯ ಧೂಳು ಬೇಕಾದಷ್ಟು ಬಂತು, ವಾಸನೆ ಹೋಯಿತು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಮನೆಗೆ ಬಂದವರೆಲ್ಲ ಹೇಳಿದರು. ಫಲ ಬೇಕೆಂದು ಯಾರು ಚಿಂತಿಸುತ್ತಾರೆ, ಹೇಳಿ? ಊದಿನ ಒಲೆ ಕಪಾಟಿನ ಮೇಲೆ ಹಾಗೇ ಇದೆ. ಅದನ್ನು ಬಳಸಲು ಮನಸ್ಸಿಲ್ಲ, ಬಿಸಾಡಲೂ ಕೈ ಬರುವುದಿಲ್ಲ.

ಈ ಸಲದ ರಜೆಗೆ ಬಾವ ಬಂದರು. ಒಂದು ವಾರ ಕಳೆಯಿತು, ಇನ್ನೊಂದೂ ಕಳೆಯಿತು. ಬನಿಯನ್ನು ಹಾಕಿಕೊಂಡು ನಮ್ಮ ಜಗಲಿಯಲ್ಲಿ ಕೂತು ನನಗೆ "ಟೀಚರ್, ಚಹಾ ಸಿಗ್ತದಾ?" ಎನ್ನುತ್ತಾರೆ. ಮೂಡುಬಿದಿರೆಯಲ್ಲಿ ಕೆಲಸ ಉಂಟು ಎನ್ನುವ ಮಾತೇ ಇಲ್ಲ.

ಮೊನ್ನೆ ಬೆಳಿಗ್ಗೆ ಅವರ ಕಾರು ಪೆಟ್ರೋಲು ಹಾಕಿಸಲು ಹೊರಗೆ ಹೋಗಿತ್ತು. ನಾನು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದೆ. ಆಚೆ ಮನೆಯ ಹೆಂಗಸು ಕಂಪೌಂಡಿನ ಮೇಲಿಂದ ಕೇಳಿದರು.

"ಮರ್ಮಯೆ ಪೋಯೆರಾ?"

"ಇಜ್ಜಿ, ಉಲ್ಲೆರ್" ಎಂದೆ. ಇಲ್ಲ, ಇದ್ದಾರೆ.

ಆ ಹೆಂಗಸು ಅಷ್ಟು ಹತ್ತಿರ ನಿಂತಿದ್ದರು, ಮೆಲ್ಲಗೆ ಹೇಳಿದರೂ ಕೇಳಿಸುತ್ತಿತ್ತು. ಆದರೂ ನಾನು ಉಮ್ಮ ಉತ್ತರ ಕೊಡುತ್ತಿದ್ದ ಅಡುಗೆಮನೆಯ ಕಿಟಕಿಯ ಕಡೆ ತಿರುಗಿ, ಒಳಗಿದ್ದವರಿಗೆ ಕೇಳಿಸಲಿ ಎನ್ನುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ.