ಇದು ಎಷ್ಟು ವರ್ಷ ಬರಬೇಕು?

ನನ್ನ ತಮ್ಮ ತಿ. ನರಸೀಪುರದಲ್ಲಿ ನೋಂದಣಿ ಕಚೇರಿಯ ಮುಂದೆ ಕೂತು, ಜಮೀನಿನ ನಾಲ್ಕು ದಿಕ್ಕಿನ ಚೆಕ್ಕುಬಂದಿ ಸಮೇತ ಕ್ರಯಪತ್ರ ಬರೆಯುತ್ತಿದ್ದ. ಮದುವೆಯಾಗಿರಲಿಲ್ಲ. ಮಾತೆಂದರೆ ಅವನಿಗೆ ಪ್ರಾಣ. ಎರಡು ಸಾವಿರದ ದಶಕ ಮುಗಿಯುತ್ತಿದ್ದ ಹೊತ್ತಿಗೆ ಅವನ ನಾಲಿಗೆ ತೊದಲತೊಡಗಿತು. ನರಗಳು ಒಂದೊಂದಾಗಿ ಸೋಲುವ ಕಾಯಿಲೆ, ಮದ್ದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ ಮೇಲೆ ಅವನನ್ನು ನಂಜನಗೂಡಿಗೆ, ನಮ್ಮ ಮನೆಗೆ ಕರೆತಂದೆ. ನಾನಾಗ ಹತ್ತಿರದ ತಾಂಡ್ಯದ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿದ್ದೆ.

ಮಾತು ಪೂರ್ತಿ ನಿಂತಿತು. ಪೆನ್ನು ಹಿಡಿಯಲೂ ಕೈಲಾಗದು. ಆದರೆ ಎಡಗೈ ಬೆರಳುಗಳಲ್ಲಿ ಇನ್ನೂ ಕಸುವಿತ್ತು. ಪತ್ರ ಟೈಪು ಮಾಡುತ್ತಿದ್ದ ಹಳೆಯ ಲ್ಯಾಪ್‌ಟಾಪನ್ನೇ ತೊಡೆಯ ಮೇಲಿಟ್ಟುಕೊಂಡು ಮಾತಾಡುತ್ತಿದ್ದ. ಜೀವಮಾನವೆಲ್ಲ ಕಚೇರಿ ಕನ್ನಡ ಬರೆದವನು, ಈಗ ನಮ್ಮೂರ ಕನ್ನಡವನ್ನೇ ಒತ್ತುತ್ತಿದ್ದ. ಒಂದು ಸಂಜೆ ನಾನು ಕೆಲಸದಿಂದ ಬಂದಾಗ ಪರದೆಯ ಮೇಲೆ, ‘ನನ್ನ ಚೆಕ್ಕುಬಂದಿ ನೋಡಕ್ಕ. ಪೂರ್ವಕ್ಕೆ ಕಿಟಕಿ, ಪಶ್ಚಿಮಕ್ಕೆ ಗೋಡೆ, ಉತ್ತರಕ್ಕೆ ನೀನು, ದಕ್ಷಿಣಕ್ಕೆ ಯಮ’ ಎಂದಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಅಡುಗೆಮನೆಗೆ ಹೋದೆ.

ಒಂದು ಬೆಳಿಗ್ಗೆ ಅವನ ಕಾಲು ತಾನಾಗಿ ಅದುರಿ ಲ್ಯಾಪ್‌ಟಾಪು ನೆಲಕ್ಕೆ ಬಿತ್ತು. ಮತ್ತೆ ಬೆಳಗಲಿಲ್ಲ.

ಪೇಟೆಯ ರಿಪೇರಿ ಅಂಗಡಿಯವನು ಬಿಚ್ಚಿ ನೋಡಿದ. ಒಳಗಿನ ಬೋರ್ಡು ಹೋಗಿದೆ, ಹಳೆಯ ಮಾಡೆಲ್ ಆದ್ದರಿಂದ ಬೇರೆ ಬೋರ್ಡನ್ನು ಬೆಂಗಳೂರಿನಿಂದ ತರಿಸಬೇಕು, ತಡವಾಗುತ್ತದೆ ಎಂದ. ಹೊಸದಾದರೆ ನಾಳೆಯೇ ಮೈಸೂರಿನಿಂದ ತಂದುಕೊಡಬಲ್ಲ. ಏನು ಮಾಡಲಿ ಎಂದು ನಾನು ಅವನನ್ನೇ ಕೇಳಿದೆ.

“ಇದು ಎಷ್ಟು ವರ್ಸ ಬರ್ಬೇಕು ಹೇಳಿ ಅಕ್ಕ. ಒಂದ್ ವರ್ಸ ಸಾಕು ಅಂದ್ರೆ ರಿಪೇರಿ ಮಾಡ್ಕೊಡ್ತೀನಿ. ಐದಾರ್ ವರ್ಸ ಬೇಕು ಅಂದ್ರೆ ಒಸದೇ ತಗೊಳ್ಳಿ.”

ತಮ್ಮನ ಕಾಯಿಲೆಯ ವಿಷಯ ಅವನಿಗೆ ಏನೂ ಗೊತ್ತಿರಲಿಲ್ಲ. ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ರಿಪೇರಿ ಎಂದರೆ ತಮ್ಮನ ಆಯುಷ್ಯಕ್ಕೆ ನಾನೇ ಗೆರೆ ಎಳೆದಂತೆ. ಹೊಸದು ಎಂದರೆ ಸುಳ್ಳು ಹೇಳಿದಂತೆ, ಅದೂ ತಮ್ಮನ ಕಣ್ಣೆದುರಿಗೇ ತಂದಿಟ್ಟು. ಕೇಳಿಕೊಂಡು ಬರುತ್ತೇನೆಂದು ಎದ್ದು ಬಂದೆ.

ಮನೆಯಲ್ಲಿ ತಮ್ಮನನ್ನು ಹೊಸದು ತರಲೇ ಎಂದು ಕೇಳಿದೆ. ಅವನು ಕಣ್ಣು ಬಿಗಿಯಾಗಿ ಮುಚ್ಚಿದ. ಬೇಡ ಎನ್ನಲು ಅವನು ಮಾಡುತ್ತಿದ್ದುದು ಹಾಗೆ. ಇದನ್ನೇ ಸರಿ ಮಾಡಿಸಲೇ ಎಂದೆ. ಕಣ್ಣು ತೆರೆದು ನನ್ನನ್ನೇ ನೋಡಿದ, ಮತ್ತೆ ಮುಚ್ಚಲಿಲ್ಲ. ಯಾಕೆ ಎಂದು ಹೇಳಲು ಅವನಿಗೆ ದಾರಿಯಿರಲಿಲ್ಲ. ಕೈಗೆ ರೂಢಿಯಾದ ಕೀಲಿಗಳು ಎಂದೋ, ಸಾಯುವವನಿಗೆ ಹೊಸದೇಕೆ ಎಂದೋ, ಇಂದಿಗೂ ನನಗೆ ತಿಳಿಯದು. ರಿಪೇರಿಗೇ ಕೊಟ್ಟೆ.

ಬೋರ್ಡು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತಲೇ ದಿನಗಳು ಕಳೆದವು. ಕಾರ್ಖಾನೆಯ ಬಸ್ಸಿಳಿದು ನೇರ ಅಂಗಡಿಗೇ ಹೋಗುತ್ತಿದ್ದೆ. ಬರಿಗೈಲಿ ಮನೆ ಹೊಕ್ಕಾಗ ಅವನು ನನ್ನ ಮುಖ ನೋಡದೆ ಚೀಲ ನೋಡುತ್ತಿದ್ದ. ದಿಂಬು ಸರಿಯಿಲ್ಲವೇ, ನೀರು ಬೇಕೇ, ಸೊಳ್ಳೆಯೇ ಎಂದು ನಾನು ಕೇಳುತ್ತಾ ಹೋಗುವುದು, ಅವನು ಕಣ್ಣು ಮುಚ್ಚುತ್ತಾ ಹೋಗುವುದು. ಕೊನೆಕೊನೆಗೆ ಏನು ಕೇಳಿದರೂ ಮುಚ್ಚಿಯೇ ಇರುತ್ತಿದ್ದ.

ಅಂತೂ ಲ್ಯಾಪ್‌ಟಾಪು ಸರಿಯಾಗಿ ಬಂತು. ತೊಡೆಯ ಮೇಲೆ ದಿಂಬಿಟ್ಟು, ಅದರ ಮೇಲೆ ಇಟ್ಟು, ಅವನ ಎಡಗೈಯನ್ನು ಎತ್ತಿ ಕೀಲಿಗಳ ಮೇಲೆ ಕೂರಿಸಿದೆ. ಒಂದು ಬೆರಳು ಮೆಲ್ಲನೆ ಒತ್ತಿತು. ‘ಅ’ ಮೂಡಿತು. ಬೆರಳನ್ನು ಮೇಲೆತ್ತಲು ಅವನಿಂದಾಗಲಿಲ್ಲ. ಸಾಲು ತುಂಬ ಅ, ಕೆಳಗಿನ ಸಾಲು ತುಂಬ ಅ. ಅವನ ಹಣೆ ಬೆವರಿತು. ನಾನು ಬೆರಳು ಬಿಡಿಸಿದೆ. ಮತ್ತೆ ಇಟ್ಟೆ, ಮತ್ತೆ ಅದೇ ಆಯಿತು. ಆಮೇಲೆ ಅವನು ಗೋಡೆಯ ಕಡೆ ನೋಡತೊಡಗಿದ. ನಾನು ಮುಚ್ಚಳ ಮುಚ್ಚಿದೆ.

ಯುಗಾದಿಗೆ ಮುಂಚೆ ಹೋಗಿಬಿಟ್ಟ. ನರಸೀಪುರದಿಂದ ಬಂದಿದ್ದ ಅವನ ಜೊತೆಗಾರರು, ಕೊನೆಯಲ್ಲಿ ಏನಾದರೂ ಹೇಳಿದನೇ ಎಂದು ಕೇಳಿದರು. ಇಲ್ಲ ಎಂದೆ.