ಬೀಗರ ಗಾಳಕ್ಕೆ ಬಿದ್ದ ಬಿಳಿಮೀನು

ಹಗರೆಯ ಬಸ್‌ಸ್ಟಾಪಿನ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿರುವ ಲಕ್ಕಪ್ಪನಿಗೆ ಭಾನುವಾರ ಬಂತೆಂದರೆ ಕೈ ತುರಿಸುತ್ತದೆ. ಅಂಗಡಿಗೆ ಬೀಗ ಜಡಿದು, ರಾಗಿ ಹಿಟ್ಟು ಬೇಯಿಸಿ ಕಟ್ಟಿದ ಉಂಡೆಗಳನ್ನು ಡಬ್ಬಿಗೆ ತುಂಬಿ, ಯಗಚಿ ಹೊಳೆಯ ದಾರಿ ಹಿಡಿಯುತ್ತಾನೆ. ಗಾಳ ಹಾಕಿ ಕೂತರೆ ಮಾತಿಲ್ಲ, ಕತೆಯಿಲ್ಲ. “ಇಷ್ಟು ತಾಳ್ಮೆ ಮನೇಲಿ ತೋರ್ಸಿದ್ರೆ ನಾನು ಪುಣ್ಯವಂತೆ” ಎಂದು ಹೆಂಡತಿ ಲಲಿತಮ್ಮ ಚುಚ್ಚುವುದುಂಟು.

ಅಲ್ಲಿ ಗಾಳ ಹಾಕುವವರದೆಲ್ಲ ಒಂದೇ ಪದ್ಧತಿ. ಮೀನು ದಡಕ್ಕೆ ಬಂದ ತಕ್ಷಣ ಕಿವಿರಿಗೆ ದಾರ ಪೋಣಿಸಿ, ಗೂಟಕ್ಕೆ ಕಟ್ಟಿ, ನೀರಿಗೇ ಇಳಿಬಿಡುವುದು. ಯಾವ ಮೀನೆಂದು ಸಂಜೆ ಹೊರಡುವಾಗ ನೋಡಿಕೊಂಡರಾಯಿತು! ಎರಡು ವರ್ಷದ ಹಿಂದೆ ಲಕ್ಕಪ್ಪನೂ ಹಾಗೇ ಮಾಡಿದ್ದ. ಮಾಮೂಲಿ ಗೆಂಡೆಯೆಂದು ತಂದ ಮೀನನ್ನು ಲಲಿತಮ್ಮ ಉಜ್ಜಲು ಕೂತಾಗ ಅಂಗೈಯ ಅರ್ಧದಷ್ಟು ಅಗಲದ ಹುರುಪೆಗಳು ಎದ್ದು ಬಂದವು. ಅದು ಬಿಳಿಮೀನು, ಪೇಟೆಯವರು ಮಹಶೀರ್ ಎನ್ನುವುದು. ಸಂತತಿಯೇ ಅಳಿಯುತ್ತಿರುವ ಆ ಮೀನು ಸಿಕ್ಕರೆ ಬಿಟ್ಟುಬಿಡಬೇಕೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಹೊಟ್ಟೆ ತುಂಬ ಮೊಟ್ಟೆ ಬೇರೆ. ಅವತ್ತು ಲಕ್ಕಪ್ಪ ಉಣ್ಣಲಿಲ್ಲ. ನೋಡದೆ ಪೋಣಿಸಿದ ತಪ್ಪು ತನ್ನದೇ ಎಂದು ದಾರವನ್ನು ಒಲೆಗೆ ಹಾಕಿದ. ಅಂದಿನಿಂದ ಮೀನನ್ನು ನೀರಿನಲ್ಲೇ ಹಿಡಿದು ಗುರುತು ನೋಡಿದ ಮೇಲೇ ಮುಂದಿನ ಮಾತು. “ಮೀನಿಗೂ ಜಾತಕ ನೋಡ್ತಾನೆ ಕಣ್ಲಾ” ಎಂದು ಜೊತೆಯವರು ಆಡಿಕೊಂಡರೂ ಅವನು ಜಗ್ಗಲಿಲ್ಲ.

ಈ ಸಲದ ಭಾನುವಾರ ಅರೇಹಳ್ಳಿ ಕಡೆಯಿಂದ ಬೀಗ ಕೆಂಚಪ್ಪ ಬಂದಿದ್ದ. ಲಕ್ಕಪ್ಪ ತನ್ನ ಮಗಳು ಹೇಮಾಶ್ರೀಯನ್ನು ಅವನ ಮನೆಗೆ ಕೊಟ್ಟು ಮೂರು ತಿಂಗಳಾಗಿತ್ತು, ಅಷ್ಟೆ. ಹೆಣ್ಣು ಕೊಟ್ಟವನು ಬೀಗರ ಮುಂದೆ ದನಿ ಎತ್ತಬಾರದಂತೆ. ಈ ಕಟ್ಟಳೆ ಮಾಡಿದವರಿಗೆ ಹೆಣ್ಣುಮಕ್ಕಳಿರಲಿಲ್ಲವೇನೋ. ಕೆಂಚಪ್ಪನಿಗೂ ಗಾಳದ ಹುಚ್ಚು. ಹೊಳೆಗೆ ಕರೆದುಕೊಂಡು ಹೋಗಿ ಎಂದ, ಹೋದರು.

ಮಧ್ಯಾಹ್ನದ ಹೊತ್ತಿಗೆ ಕೆಂಚಪ್ಪನ ಕೋಲು ಬಿಲ್ಲಿನಂತೆ ಬಾಗಿತು. ಅರ್ಧ ಗಂಟೆ ಎಳೆದಾಡಿ ದಡದ ಹತ್ತಿರ ತಂದ ಮೀನು ಹತ್ತು ಕೆಜಿಗೆ ಮೋಸವಿರಲಿಲ್ಲ. ಕೆಂಚಪ್ಪ ಜೇಬಿನಿಂದ ದಾರ ತೆಗೆದ.

“ತಡೀರಿ ಬೀಗ್ರೇ” ಎನ್ನುತ್ತ ಲಕ್ಕಪ್ಪ ತೊಡೆಮಟ್ಟ ನೀರಿಗಿಳಿದು ಮೀನಿನ ಹೊಟ್ಟೆಯಡಿ ಕೈ ಕೊಟ್ಟ. ದಪ್ಪ ತುಟಿ, ಎರಡು ಜೊತೆ ಮೀಸೆ, ಬೆನ್ನ ಮೇಲೆ ಗಿಡ್ಡ ರೆಕ್ಕೆ, ಆ ಅಗಲದ ಹುರುಪೆ. ಅನುಮಾನವೇ ಇರಲಿಲ್ಲ. “ಬಿಳಿಮೀನು ಕಣ್ರೀ. ಇದ್ರ ಸಂತತಿನೇ ಅಳೀತಾ ಐತೆ, ಬಿಡ್ಬೇಕು.”

“ಏನಂದ್ರಿ? ನನ್ನ ಗಾಳಕ್ಕೆ ಬಿದ್ದಿರೋದು!”

“ನಿಮ್ಮ ಗಾಳವೇ, ಇಲ್ಲ ಅನ್ನಕಿಲ್ಲ. ಆದ್ರೂ ಬಿಡ್ಬೇಕು.”

“ನಿಮ್ಮ ಮಗಳು ನಮ್ಮನೇಲಿ ಅವ್ಳೆ. ನೋಡ್ಕೊಂಡು ಮಾತಾಡಿ.”

ಬೈಗುಳವಾಗಿದ್ದರೆ ಲಕ್ಕಪ್ಪ ನುಂಗಿಕೊಳ್ಳುತ್ತಿದ್ದ, ಇದು ಮಗಳ ಬಾಳಿನ ಮೇಲೆ ಇಟ್ಟ ಕೈ. ಆದರೂ ಅವನು ಮೀನನ್ನು ನೀರಿನಿಂದ ಎತ್ತಲಿಲ್ಲ. ತುಟಿಗೆ ಸಿಕ್ಕ ಕೊಕ್ಕೆಯನ್ನು ಮೆಲ್ಲಗೆ ಬಿಡಿಸಿದ. ಸುಸ್ತಾಗಿದ್ದ ಮೀನಿನ ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದು, ಅದರ ಕಿವಿರು ಆಡತೊಡಗುವವರೆಗೂ ಅಲ್ಲಾಡದೆ ನಿಂತ. ಬಾಲ ಒಮ್ಮೆ ಬಲವಾಗಿ ಬಡಿಯಿತು. ಲಕ್ಕಪ್ಪ ಕೈ ಬಿಟ್ಟ. ಮೀನು ಹೋಯಿತು.

ಕೆಂಚಪ್ಪ ಕೆಂಡಾಮಂಡಲವಾಗಿ ಅಲ್ಲೇ ಸೊಸೆಗೆ ಫೋನ್ ಹಚ್ಚಿದ. ನಿಮ್ಮಪ್ಪ ನನ್ನ ಕೈಗೆ ಬಂದ ಬಿಳಿಮೀನನ್ನು ಹೊಳೆಗೆ ಬಿಟ್ಟು ಮರ್ಯಾದೆ ಕಳೆದ ಎಂದು ಒಂದೇ ಉಸಿರಿಗೆ ಕೂಗಾಡಿದ. ಸ್ಪೀಕರ್ ಹಾಕಿದ್ದು ಲಕ್ಕಪ್ಪನಿಗೂ ಕೇಳಲೆಂದೇ.

ಆ ಕಡೆಯಿಂದ ಹೇಮಾಶ್ರೀ, “ಮಾವ, ನಾನು ಅಲ್ಲಿದ್ರೂ ಬಿಡ್ತಿದ್ದೆ. ನಿಮ್ ಕೋಪ ನನ್ ಮೇಲೇ ತೀರಿಸ್ಕೊಳಿ, ಅಪ್ಪನ್ನ ಅನ್ಬೇಡಿ” ಎಂದಳು.

ಅಷ್ಟು ಹೊತ್ತು ಕಲ್ಲಾಗಿ ನಿಂತಿದ್ದ ಲಕ್ಕಪ್ಪನ ಕಣ್ಣು ತುಂಬಿ ಬಂತು.

ಕೆಂಚಪ್ಪ ಫೋನ್ ಜೇಬಿಗಿಟ್ಟು ಕಲ್ಲಿನ ಮೇಲೆ ಕುಕ್ಕರಿಸಿದ. ಕೆಂಚಪ್ಪನ ಮುಖದ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಕೇಳಿದ:

“ಅದು ಬಿಳಿಮೀನೇ ಅಂತ ಹೆಂಗ್ ಗೊತ್ತಾಯ್ತು? ಸರಿಯಾಗಿ ಹೇಳ್ಕೊಡಿ ಬೀಗ್ರೇ. ನಮ್ ಕಡೆ ಹೊಳೇಲಿ ನಾನೊಬ್ನೇ ಇರ್ತೀನಿ, ತಡಿಯಕೆ ಯಾರೂ ಇರಕಿಲ್ಲ.”