ಮುಖ ನಂಬದ ಮಲೇರಿಯಾ ಸಾ

ತೊಂಬತ್ತರ ದಶಕದಲ್ಲಿ ಹಳೇಕೋಟೆಗೆ ಬಂದು, ಜ್ವರದವರ ಬೆರಳು ಚುಚ್ಚಿ ರಕ್ತವನ್ನು ಗಾಜಿನ ಮೇಲೆ ಸವರಿಕೊಂಡು ಹೋಗುತ್ತಿದ್ದ ಸರ್ಕಾರಿ ಆರೋಗ್ಯ ಸಹಾಯಕರೊಬ್ಬರನ್ನು ನಾವು ಮಲೇರಿಯಾ ಸಾ ಎನ್ನುತ್ತಿದ್ದೆವು. ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಂಡರೂ ಮಲೇರಿಯಾ ರೋಗಾಣುವಿನ ತಳಿ ಕಾಲ ಕಳೆದಂತೆ ಬದಲಾಗಿ, ಹಳೆಯ ಮಾತ್ರೆಗೆ ಬಗ್ಗದಂತಾಗುತ್ತದಂತೆ. "ಮುಖ ನಂಬಬ್ಯಾಡ ಕಣ್ಲಾ" ಎನ್ನುವುದು ಅವರ ಮಾತು.

ಒಂದು ಕಣ್ಣು ಮುಚ್ಚಿ ಗಾಜನ್ನು ಬೆಳಕಿಗೆ ಹಿಡಿಯುವ ಅವರನ್ನೂ, ಗಡಗಡ ನಡುಗುವ ರೋಗಿಗಳನ್ನೂ ಅಣಕಿಸಿ ನಾನು ಜಗಲಿಯನ್ನೆಲ್ಲ ನಗಿಸುತ್ತಿದ್ದೆ. ಒಂದು ದಿನ ನನಗೇ ನಿಜವಾದ ನಡುಕ ಹತ್ತಿತು. ಅದೂ ಅಣಕವೆಂದೇ ತಿಳಿದು ಎಲ್ಲರೂ ಚಪ್ಪಾಳೆ ತಟ್ಟಿದರು. "ಸಾಕು ನಿಲ್ಸ್ಲಾ, ನಕ್ಕು ನಕ್ಕು ಒಟ್ಟೆ ನೋಯ್ತದೆ" ಎಂದಳು ಅಜ್ಜಿ.

ಅಂದು ಊರಿಗೆ ಬಂದಿದ್ದ ಮಲೇರಿಯಾ ಸಾ ಒಬ್ಬರು ಮಾತ್ರ ನಗದೆ ನನ್ನ ಬೆರಳು ಚುಚ್ಚಿದರು. ಮರುದಿನ ಮಾತ್ರೆ ತಂದು ಕೈಗಿಟ್ಟರು.

"ನಿನ್ಗಿಂತ ದೊಡ್ಡ ವೇಷಗಾರ ನಿನ್ ರಕ್ತದೊಳ್ಗೆ ಕುಂತವ್ನೆ ಕಣ್ಲಾ. ಅವ್ನು ಒಸಾ ಒಸಾ ವೇಷ ಕಲೀತಾನೆ. ನೀನಿನ್ನೂ ನನ್ನ ಒಂದ್ ಕಣ್ಣು ಮುಚ್ಚೋ ವೇಷದಲ್ಲೇ ಇದ್ದೀಯ."